ಹನ್ನೆರಡು ಮಂದಿ, ಹದಿನಾಲ್ಕು ದಿನ

ಪುಸ್ತಕವೊಂದನ್ನು ಅಚ್ಚಿಗೆ ಕೊಟ್ಟವರಿಗೆಲ್ಲ ಕರಡಚ್ಚಿನ ಕಷ್ಟ ಗೊತ್ತಿದೆ. ಬರೆದವನು ತಾನು ಬರೆಯಬೇಕೆಂದುಕೊಂಡುದನ್ನು ಓದುತ್ತಾನೆಯೇ ಹೊರತು ನಿಜವಾಗಿ ಬರೆದುದನ್ನಲ್ಲ. ಆದುದರಿಂದ ತಪ್ಪುಗಳನ್ನು ಇನ್ನೊಬ್ಬರ ಕಣ್ಣಿನಿಂದ ಹುಡುಕಿಸಬೇಕಾಗುತ್ತದೆ. ಆದರೆ ಆ ಕರಡಚ್ಚು ತಿದ್ದುವವರ ಕೈಗೇ ಸೇರದೆ ಹೋದರೆ? ಅದು ದಾರಿಯಲ್ಲೆಲ್ಲೋ ಸಿಕ್ಕಿಬಿದ್ದಿರುವಾಗ, ಇತ್ತ ಲೇಖಕನು ‘ಒಂದು ತಪ್ಪೂ ಇಲ್ಲವಂತೆ’ ಎಂದು ಹಿಗ್ಗುತ್ತ ಕುಳಿತಿದ್ದರೆ?

ಇಂಥದೊಂದು ಪ್ರಸಂಗದಲ್ಲಿ ಈಚೆಗೆ ನಾನೂ ಒಬ್ಬ ಪಾತ್ರಧಾರಿಯಾದೆ. ಅಲ್ಲಿದ್ದುದು ಪುಸ್ತಕವಲ್ಲ, ಮೊಬೈಲಿನ ಆ್ಯಪ್. ಕನ್ನಡ ಪಾಠ ಹೇಳುವವನಿಗೆ ಅಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಸ್ವಲ್ಪ ತಾಳ್ಮೆಯಿರಲಿ.

ಕರೂರಿನ ಶೆಡ್ಡಿನಲ್ಲಿ

ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ನೆರೆಯ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನೆಲೆಗೊಂಡು, ಲೇತ್ ಯಂತ್ರಗಳನ್ನು ತಯಾರಿಸಿ ಕಳುಹಿಸುತ್ತಿದ್ದಿತು. ಗಿರಣಿಗಳ ಸಿಳ್ಳು ಈಗ ಕೇಳಿಸುವುದಿಲ್ಲ; ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿಹೋಗಿದೆ. ಆದರೆ ಕೈಗೆ ಹತ್ತಿದ ಕಸುಬು ಕಾರ್ಖಾನೆಯೊಡನೆ ಮುಚ್ಚಿಹೋಗುವುದಿಲ್ಲ. ಆ ಕಸುಬಿನ ಎಳೆಗಳನ್ನು ಈಗ ಹುಡುಕಬೇಕಾದರೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂಥ ಕಡೆಗೆ ಹೋಗಬೇಕು: ತಗಡಿನ ಶೆಡ್ಡುಗಳು, ಲಾರಿಗಳ ಸಾಲು, ಬಾಗಿಲಲ್ಲಿ ನಿಂತರೆ ಮೂಗಿಗೆ ಬಡಿಯುವ ಬಿಸಿ ಎಣ್ಣೆಯ ವಾಸನೆ.

ನನ್ನ ಹಳೆಯ ಶಿಷ್ಯನೊಬ್ಬ ಬೆಂಗಳೂರಿನ ಕೆಲಸ ಬಿಟ್ಟು ಬಂದು ಅಲ್ಲಿನ ಶೆಡ್ಡೊಂದರ ಮಹಡಿಯಲ್ಲಿ ಬಾಡಿಗೆಗೆ ಕುಳಿತಿದ್ದ. ಸಣ್ಣ ವರ್ಕ್‌ಶಾಪುಗಳ ಹಾಜರಿ, ಪಾಳಿ, ಮುಂಗಡ, ಬಟವಾಡೆಗಳ ಲೆಕ್ಕವನ್ನು ಕನ್ನಡದಲ್ಲಿ ಇಡುವ ಆ್ಯಪ್ ಒಂದನ್ನು ಆತ ಸಿದ್ಧಪಡಿಸಿದ್ದ. ಅದರ ಮಾತುಗಳನ್ನು ತಿದ್ದಿಕೊಡಬೇಕೆಂದು ನನ್ನನ್ನು ಕೇಳಿದ. ನಾನು ಪಂಡಿತನ ಗತ್ತಿನಿಂದ ‘ವೇತನ ವಿತರಣೆ’ ಎಂದು ಬರೆದುಕೊಟ್ಟೆ. ಕೆಳಗಿನ ಶೆಡ್ಡಿನ ಕೆಲಸಗಾರನೊಬ್ಬ ಅದನ್ನು ಓದಿ, “ಬಟವಾಡೆ ಅಂದ್ರೆ ಎಲ್ಲರಿಗೂ ಗೊತ್ತಾಗ್ತದಲ್ಲ ಸರ್” ಎಂದ. ಗಿರಣಿಯ ಕಾಲದ ಆ ಮಾತಿನ ಮುಂದೆ ನನ್ನ ಎಂ.ಎ. ಪದವಿ ಮೌನವಾಯಿತು.

ಮೂರು ವರ್ಕ್‌ಶಾಪುಗಳವರು ಏಪ್ರಿಲ್ 1ರ ಹೊಸ ಲೆಕ್ಕದ ವರ್ಷದಿಂದ ಆ್ಯಪನ್ನು ಹಣ ಕೊಟ್ಟು ಬಳಸುವುದಾಗಿ ಮಾತು ಕೊಟ್ಟಿದ್ದರು. ಆ ಮಾತನ್ನು ನೆಚ್ಚಿ ಆತ ಸಾಲವನ್ನೂ ಮಾಡಿದ್ದ. ಆಗ 2025ರ ಫೆಬ್ರವರಿ. ಅಷ್ಟರಲ್ಲಿ ಎದುರಾಯಿತು ಹನ್ನೆರಡು ಮಂದಿಯ ನಿಯಮ.

ನಿಯಮವೆಂದರೇನು?

ಆಂಡ್ರಾಯ್ಡ್ ಫೋನುಗಳಿಗೆ ಆ್ಯಪ್‌ಗಳನ್ನು ಒದಗಿಸುವ ದೊಡ್ಡ ಅಂಗಡಿ ಗೂಗಲ್ ಪ್ಲೇ. 2023ರ ನವೆಂಬರ್ 13ರ ಅನಂತರ ಸ್ವಂತ ಹೆಸರಿನಲ್ಲಿ ಖಾತೆ ತೆರೆದ ತಯಾರಕನು ತನ್ನ ಆ್ಯಪನ್ನು ನೇರವಾಗಿ ಆ ಅಂಗಡಿಯಲ್ಲಿಡುವಂತಿಲ್ಲ. ಮೊದಲು ಅದರ ಪರೀಕ್ಷಾ ಪ್ರತಿಯನ್ನು ಕೆಲವು ಮಂದಿಗೆ ಹಂಚಬೇಕು; ಅವರು ಎಡೆಬಿಡದೆ 14 ದಿನ ಪರೀಕ್ಷಕರಾಗಿ ಉಳಿದಿರಬೇಕು. ಮೊದಲಿಗೆ ಈ ಸಂಖ್ಯೆ 20 ಇದ್ದಿತು; 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಯಿತು. 14 ದಿನ ಕಳೆದ ಮೇಲೆ ತಯಾರಕನು ಅರ್ಜಿ ಹಾಕಬೇಕು. ಅದರ ಪರಿಶೀಲನೆಗೆ ಸಾಮಾನ್ಯವಾಗಿ 7 ದಿನ ಹಿಡಿಯಬಹುದು. ಸಂಸ್ಥೆಯ ಹೆಸರಿನ ಖಾತೆಗಳಿಗೆ ಈ ಕಟ್ಟಳೆಯಿಲ್ಲ. ಒಂಟಿಯಾಗಿ ದುಡಿಯುವವನಿಗೇ ಇದು.

ಮೇಲ್ನೋಟಕ್ಕೆ ಇದೇನು ಮಹಾ ಎನಿಸುತ್ತದೆ. ಹನ್ನೆರಡು ಮಂದಿ ಪರಿಚಿತರು ಯಾರಿಗೆ ಇಲ್ಲ? ನನ್ನ ಶಿಷ್ಯ 14 ಮಂದಿಯನ್ನು ಒಟ್ಟುಮಾಡಿದ. ನಾನು, ಲೇತಿನ ಇಬ್ಬರು ಕೆಲಸಗಾರರು, ಲೆಕ್ಕ ಬರೆಯುವ ಹೆಣ್ಣುಮಗಳು, ರಾತ್ರಿ ಕಾವಲಿನ ಹಿರಿಯರು, ಮಸ್ಕತ್ತಿನಲ್ಲಿರುವ ಅವನ ಚಿಕ್ಕಪ್ಪನ ಮಗ, ಹೀಗೆ. ಎಲ್ಲರ ಇ-ಮೇಲ್ ವಿಳಾಸಗಳನ್ನೂ ಪಟ್ಟಿಗೆ ಸೇರಿಸಿ, ಒಪ್ಪಿಗೆಯ ಲಿಂಕನ್ನು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ. “ಬಂತಾ ಸರ್?” ಎಂದು ಮರುದಿನ ಕೇಳಿದ. “ಬಂತಪ್ಪಾ, ಬಹಳ ಚೆನ್ನಾಗಿದೆ” ಎಂದೆ.

ಓದುಗರೇ, ಅದು ಸುಳ್ಳು. ಲಿಂಕನ್ನು ಒತ್ತಿದಾಗ ಇಂಗ್ಲಿಷಿನಲ್ಲಿ ಏನೋ ನಿರಾಕರಣೆಯ ಮಾತು ಕಾಣಿಸಿತ್ತು. ನನಗೆ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳಲು ಮೇಷ್ಟ್ರೆಂಬ ಅಭಿಮಾನ ಬಿಡಲಿಲ್ಲ. ‘ಹೇಗೂ ಉಳಿದ ಹದಿಮೂರು ಮಂದಿ ಇದ್ದಾರಲ್ಲ’ ಎಂದು ಸಮಾಧಾನ ಮಾಡಿಕೊಂಡೆ. ಉಳಿದವರಲ್ಲಿ ಎಷ್ಟೋ ಮಂದಿ ಹೀಗೆಯೇ ಎಣಿಸುತ್ತಿದ್ದರೆಂಬುದು ಆಮೇಲೆ ತಿಳಿಯಿತು.

ಹತ್ತನೆಯ ದಿನ

ಎಲ್ಲರ ಬಾಯಲ್ಲಿಯೂ ‘ಚೆನ್ನಾಗಿದೆ’ ಎಂಬ ಮಾತೇ ಬಂದುದರಿಂದ ಶಿಷ್ಯ ನಿಶ್ಚಿಂತನಾಗಿದ್ದ. ಹತ್ತನೆಯ ದಿನ ತಯಾರಕರ ಲೆಕ್ಕದ ಪುಟವನ್ನು ತೆರೆದು ನೋಡುತ್ತಾನೆ: ಒಪ್ಪಿಗೆ ಒತ್ತಿದ ಪರೀಕ್ಷಕರು ಕೇವಲ 8 ಮಂದಿ! ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪರೀಕ್ಷಕನಾದಂತಲ್ಲ. ಆತನೇ ಲಿಂಕನ್ನು ತೆರೆದು ಒಪ್ಪಿಗೆಯ ಗುಂಡಿಯನ್ನು ಒತ್ತಬೇಕು. ಮದುವೆಯ ಕರೆಯೋಲೆ ಹಂಚಿದ ಲೆಕ್ಕ ಬೇರೆ, ಪಂಕ್ತಿಯಲ್ಲಿ ಕುಳಿತವರ ಲೆಕ್ಕ ಬೇರೆ. ಹನ್ನೆರಡು ಮಂದಿ ಎಂದೂ ಕೂಡಿರಲಿಲ್ಲವಾದ್ದರಿಂದ ಹದಿನಾಲ್ಕು ದಿನಗಳ ಎಣಿಕೆ ಆರಂಭವೇ ಆಗಿರಲಿಲ್ಲ. ಹತ್ತು ದಿನ ನೀರಿನಲ್ಲಿ ಹೋಮವಾಗಿತ್ತು.

ಆ ಸಂಜೆ ಆತ ನನ್ನ ಮನೆಗೆ ಬಂದ. ಸಿಟ್ಟಿರಲಿಲ್ಲ, ಮುಖ ಮಾತ್ರ ಬಾಡಿತ್ತು. “ಕೋಡಿನಲ್ಲೇ ಏನೋ ತಪ್ಪಿರಬೇಕು ಸರ್, ಮತ್ತೆ ಮೊದಲಿಂದ ಬರೀತೀನಿ” ಎಂದ. ಆಗ ನಾನು ಬಾಯಿ ಬಿಡಬೇಕಾಯಿತು. ನನ್ನ ಫೋನನ್ನು ಅವನ ಕೈಗೆ ಕೊಟ್ಟು, “ನನಗೆ ಅದು ಬರಲೇ ಇಲ್ಲಪ್ಪ. ಬಂತೆಂದು ಸುಮ್ಮನೆ ಹೇಳಿದೆ” ಎಂದೆ. ಆತ ಒಂದು ಗಳಿಗೆ ನನ್ನ ಮುಖ ನೋಡಿ, ಮರುಗಳಿಗೆಯಲ್ಲಿಯೇ ನಕ್ಕುಬಿಟ್ಟ. ದೋಷವು ಕೃತಿಯಲ್ಲಿಲ್ಲ, ದಾರಿಯಲ್ಲಿದೆ ಎಂಬುದು ಆತನಿಗೆ ಹೊಳೆದಿತ್ತು.

ಒಂದೊಂದು ಬಾಗಿಲಲ್ಲಿ ಒಂದೊಂದು ಬೀಗ

ಮರುದಿನ ನಾವಿಬ್ಬರೂ ಕರೂರಿನಲ್ಲಿ ಮನುಷ್ಯನಿಂದ ಮನುಷ್ಯನಿಗೆ ತಿರುಗಿದೆವು. ‘ಬಂತೇ?’ ಎಂದು ಯಾರನ್ನೂ ಕೇಳಲಿಲ್ಲ. ‘ಲಿಂಕ್ ಒತ್ತಿ, ಕಾಣಿಸಿದ್ದನ್ನು ಅಕ್ಷರ ಬಿಡದೆ ಓದಿ’ ಎಂದೆವು. ಕೇಳುವ ರೀತಿ ಬದಲಾದೊಡನೆ ಉತ್ತರಗಳೂ ಬದಲಾದವು.

ನನ್ನ ವಿಷಯವೇ ಮೊದಲು. ನನ್ನ ಫೋನಿನಲ್ಲಿ ಗೂಗಲ್ ಖಾತೆಗಳು ಎರಡು. ಒಂದು ಮನೆಯದು, ಒಂದು ಕಾಲೇಜಿನದು. ಪಟ್ಟಿಯಲ್ಲಿದ್ದುದು ಮನೆಯದು, ಲಿಂಕ್ ತೆರೆದುಕೊಂಡುದು ಕಾಲೇಜಿನ ಖಾತೆಯಲ್ಲಿ. ಬಾಗಿಲಲ್ಲಿ ನಿಂತವನು ಬೇರೆ ಹೆಸರು ಹೇಳಿದರೆ ಒಳಗೆ ಬಿಡುವವರಾರು? ಒಪ್ಪಿಗೆ ಒತ್ತಿದ ಖಾತೆಯೂ ಪ್ಲೇ ಅಂಗಡಿಯಲ್ಲಿ ತೆರೆದಿರುವ ಖಾತೆಯೂ ಒಂದೇ ಆಗಿರಬೇಕು. ಲೆಕ್ಕ ಬರೆಯುವ ಹೆಣ್ಣುಮಗಳ ವಿಳಾಸದಲ್ಲಿ ಪಟ್ಟಿಗೆ ಸೇರಿಸುವಾಗಲೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಮತ್ತೊಬ್ಬ ಯುವಕ ಒಪ್ಪಿಗೆ ಕೊಟ್ಟ ಮೇಲೆ, ಅದೇ ಪುಟದಲ್ಲಿದ್ದ ‘ಪರೀಕ್ಷೆಯಿಂದ ಹೊರಬರುವ’ ಗುಂಡಿಯನ್ನೂ ಅರಿಯದೆ ಒತ್ತಿದ್ದ. ಉಳಿದ ಮೂವರು ಲಿಂಕನ್ನು ತೆರೆದೇ ಇರಲಿಲ್ಲ. ಅವರಲ್ಲೊಬ್ಬರು ರಾತ್ರಿ ಕಾವಲಿನ ಹಿರಿಯರು. “ನೀವು ಮಾಡಿದ್ದು ಅಂದ್ರೆ ಚೆನ್ನಾಗೇ ಇರ್ತದೆ ಅಂತ ಹಂಗಂದೆ” ಎಂದರು. ಆ ಮಾತಿನಲ್ಲಿದ್ದುದು ಪ್ರೀತಿಯೇ. ಆದರೆ ಪರೀಕ್ಷೆಗೆ ದಾಕ್ಷಿಣ್ಯದಂಥ ಶತ್ರು ಬೇರೊಂದಿಲ್ಲ.

ಒಪ್ಪಿಗೆ ಕೊಟ್ಟ 8 ಮಂದಿಯೂ ನಿರಾತಂಕವಾಗಿರಲಿಲ್ಲ. ಮಸ್ಕತ್ತಿನ ತಮ್ಮನಿಗೆ ಅಂಗಡಿಯಲ್ಲಿ ಆ್ಯಪ್ ಕಾಣಿಸದು. ಏಕೆಂದರೆ ಪ್ರತಿಯು ದೊರೆಯಬೇಕಾದ ದೇಶಗಳ ಪಟ್ಟಿಯಲ್ಲಿ ಭಾರತವೊಂದೇ ಇದ್ದಿತು. ಒಮಾನನ್ನು ಸೇರಿಸಿದ ಮೇಲೆ ಆ ಬೀಗ ತೆರೆಯಿತು. ಲೇತಿನ ಇಬ್ಬರು ಕೆಲಸಗಾರರ ತೊಡಕು ಇನ್ನೂ ಸೂಕ್ಷ್ಮ. ಜನವರಿಯಲ್ಲಿಯೇ ಶಿಷ್ಯನು ಅವರಿಗೆ ಒಂದು ಪ್ರತಿಯನ್ನು ವಾಟ್ಸ್ಆ್ಯಪಿನಲ್ಲಿ ನೇರವಾಗಿ ಕಳುಹಿಸಿದ್ದ. ಅದು ಫೋನಿನಲ್ಲಿ ಉಳಿದಿದ್ದಿತು. ಪ್ರತಿಯೊಂದು ಆ್ಯಪಿಗೂ ಅರಗಿನ ಮುದ್ರೆಯಂಥ ಒಂದು ಸಹಿಯಿರುತ್ತದೆ. ಮನೆಯಿಂದ ಕಳುಹಿಸಿದ ಪ್ರತಿಗೆ ಶಿಷ್ಯನ ಮುದ್ರೆ. ಅಂಗಡಿಯಿಂದ ಬರುವ ಪ್ರತಿಗೆ ಅಂಗಡಿಯು ಹಾಕುವ ಮುದ್ರೆ. ಹೆಸರು ಒಂದೇ ಇದ್ದರೂ ಮುದ್ರೆ ಬೇರೆಯಾದರೆ ಫೋನು ಹಳೆಯದರ ಮೇಲೆ ಹೊಸದನ್ನು ಇಡಗೊಡುವುದಿಲ್ಲ. ಹಳೆಯದನ್ನು ಮೊದಲು ತೆಗೆದುಹಾಕಬೇಕು. ತೆಗೆದರೆ ಅದರೊಳಗೆ ಬರೆದಿಟ್ಟ ಲೆಕ್ಕವೂ ಹೋಗುತ್ತದೆ. ಇಬ್ಬರೂ ತಿಂಗಳ ಹಾಜರಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ ಮೇಲೆಯೇ ನಾವು ಆ ಕೆಲಸಕ್ಕೆ ಕೈಹಾಕಿದೆವು.

ಇಂಥ ತೊಡಕುಗಳು ಕರೂರಿಗೆ ಮಾತ್ರ ಮೀಸಲೆಂದು ತಿಳಿಯಬಾರದು. ಐಫೋನಿನ ಲೋಕದಲ್ಲಿ ಹಿಂದೆ ಪ್ರತಿಯೊಂದು ಪರೀಕ್ಷಾ ಫೋನಿನ ಗುರುತಿನ ಸಂಖ್ಯೆಯನ್ನೂ ಕೇಳಿ ಪಡೆದು ನೋಂದಾಯಿಸಬೇಕಾಗಿತ್ತು. ವರ್ಷಕ್ಕೆ 100 ಫೋನುಗಳ ಮಿತಿ ಬೇರೆ. ಈ ತಾಪತ್ರಯವನ್ನು ತಗ್ಗಿಸಲೆಂದು 2010ರಲ್ಲಿ ಹುಟ್ಟಿದ ಟೆಸ್ಟ್‌ಫ್ಲೈಟ್ ಎಂಬ ವ್ಯವಸ್ಥೆಯನ್ನು ಆ್ಯಪಲ್ ಕಂಪನಿ 2014ರಲ್ಲಿ ಕೊಂಡು ತನ್ನದಾಗಿಸಿಕೊಂಡಿತು. ಅದರ ಮೂಲಕ 10,000 ಹೊರಗಿನ ಪರೀಕ್ಷಕರಿಗೆ ಪ್ರತಿಯನ್ನು ಹಂಚಬಹುದು. ಆದರೆ ಅಂಥ ಪ್ರತಿಯ ಆಯುಷ್ಯ 90 ದಿನ. ಅನಂತರ ಅದು ತೆರೆಯುವುದಿಲ್ಲ. ‘ನಿನ್ನೆ ಇತ್ತು, ಇಂದು ಇಲ್ಲ’ ಎಂದು ಪರೀಕ್ಷಕನು ಗಾಬರಿಗೊಂಡರೆ ಮೊದಲು ಪಂಚಾಂಗ ನೋಡಬೇಕು, ಆಮೇಲೆ ಕೋಡು.

ಕಾವಲಿನವರು ಕಂಡ ತಪ್ಪು

ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಒಪ್ಪಿಗೆಯ ಲೆಕ್ಕ 14ಕ್ಕೆ ಮುಟ್ಟಿತು. ದಿನಗಳ ಎಣಿಕೆ ನಿಜವಾಗಿ ಆರಂಭವಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ರಾತ್ರಿ ಕಾವಲಿನ ಹಿರಿಯರು ಫೋನು ಹಿಡಿದು ಮಹಡಿ ಹತ್ತಿ ಬಂದರು. “ನಾನು ಮೂರು ರಾತ್ರಿ ದುಡಿದೀನಿ, ಇದು ಆರು ದಿನ ಅಂತದೆ. ಸಾಹುಕಾರ್ರು ನಾನೇ ಕಳ್ಳಲೆಕ್ಕ ಬರೆದೆ ಅಂದ್ರೆ?” ಎಂದರು.

ಅವರ ಪಾಳಿ ರಾತ್ರಿ 10ಕ್ಕೆ ಆರಂಭವಾಗಿ ಬೆಳಿಗ್ಗೆ 6ಕ್ಕೆ ಮುಗಿಯುವಂಥದು. ನಡುರಾತ್ರಿ ತಾರೀಖು ಬದಲಾಗುತ್ತದೆ. ಆ್ಯಪ್ ಒಂದೇ ಪಾಳಿಯನ್ನು ಎರಡು ತಾರೀಖುಗಳಿಗೆ ಹಂಚಿ ಎರಡು ಹಾಜರಿ ಹಾಕಿಬಿಡುತ್ತಿದ್ದಿತು. ಹಗಲಿನ ಹೊತ್ತು ಕುಳಿತು ಬರೆದ ನನ್ನ ಶಿಷ್ಯನಿಗೂ, ಹಗಲಿನಲ್ಲಿಯೇ ದುಡಿಯುವ ಲೇತಿನವರಿಗೂ ಅದು ಎಂದೂ ಕಾಣುತ್ತಿರಲಿಲ್ಲ. ಏಪ್ರಿಲಿನ ಬಟವಾಡೆಯಲ್ಲಿ ಅದು ಬಯಲಾಗಿದ್ದರೆ ಆ್ಯಪಿನ ಹೆಸರು ಕೆಡುತ್ತಿದ್ದಿತು. ಅದಕ್ಕಿಂತ ಹೆಚ್ಚಾಗಿ, ನೆರೆಗೂದಲಿನ ಒಬ್ಬ ಪ್ರಾಮಾಣಿಕ ಮನುಷ್ಯ ಮಾಲೀಕರೆದುರು ತಲೆ ತಗ್ಗಿಸಿ ನಿಲ್ಲಬೇಕಾಗುತ್ತಿದ್ದಿತು. ಹತ್ತು ದಿನ ಸುಮ್ಮನೆ ‘ಚೆನ್ನಾಗಿದೆ’ ಎಂದಿದ್ದವರೂ ಅವರೇ, ಉಳಿದವರಾರಿಗೂ ಕಾಣದ ತಪ್ಪನ್ನು ಕಂಡವರೂ ಅವರೇ. ನಡುವೆ ಆದ ವ್ಯತ್ಯಾಸವೆಂದರೆ ಪ್ರತಿಯು ಅವರ ಕೈ ಸೇರಿದ್ದು ಮಾತ್ರ.

ತಿದ್ದಿದ ಪ್ರತಿಯನ್ನು ಅಂದೇ ಸಂಜೆ ಹಂಚಲಾಯಿತು. ಅಂಗಡಿಗೆ ಏರಿಸುವ ಪ್ರತಿಯೊಂದು ಹೊಸ ಪ್ರತಿಗೂ ಹಿಂದಿನದಕ್ಕಿಂತ ಹೆಚ್ಚಿನ ಕ್ರಮಸಂಖ್ಯೆ ಇರಬೇಕು. ಅದನ್ನು ಮರೆತು ಒಮ್ಮೆ, ನೆನೆದು ಒಮ್ಮೆ, ಶಿಷ್ಯನು ಎರಡು ಬಾರಿ ಏರಿಸಿದ. ಮಾರ್ಚ್ ಮೂರನೆಯ ವಾರದಲ್ಲಿ 14 ದಿನಗಳು ತುಂಬಿದವು, ಅರ್ಜಿ ಹೋಯಿತು, ತಿಂಗಳು ಮುಗಿಯುವ ಮೊದಲೇ ಅನುಮತಿ ಬಂದಿತು. ಮೂರು ವರ್ಕ್‌ಶಾಪುಗಳಲ್ಲಿ ಎರಡು ಮಾತು ಉಳಿಸಿಕೊಂಡವು. ಮೂರನೆಯದರ ಮಾಲೀಕರು ಇನ್ನೂ ಖಾತೆ ಪುಸ್ತಕದಲ್ಲಿಯೇ ಬರೆಯುತ್ತಾರೆ. ಅದು ಅವರ ಇಷ್ಟ.

ಹರಿಹರದ ಲೇತ್ ಯಂತ್ರವನ್ನು ಕಾರ್ಖಾನೆಯ ಹೊಸ್ತಿಲು ದಾಟುವ ಮುನ್ನವೇ ಅಳೆದು ನೋಡಬಹುದಾಗಿತ್ತು. ನೆಲ ಅವರದು, ಅಳತೆಗೋಲು ಅವರದು. ಈ ಹೊಸ ಯಂತ್ರದ ಪರೀಕ್ಷೆಯಾದರೋ ನಡೆಯುವುದು ಬಳಸುವವನ ಜೇಬಿನಲ್ಲಿ, ಅವನ ಪಾಳಿಯಲ್ಲಿ, ಅವನ ಮಾತಿನಲ್ಲಿ. ಅಲ್ಲಿಯ ತನಕ ಪ್ರತಿಯನ್ನು ಮುಟ್ಟಿಸುವುದೂ ತಯಾರಕನ ಕೆಲಸದ ಒಂದು ಭಾಗ. ಮುಟ್ಟದಿದ್ದಾಗ ‘ಮುಟ್ಟಲಿಲ್ಲ’ ಎಂದು ಹೇಳುವುದು ನಮ್ಮ ಕೆಲಸ.

ಈಗಲೂ ಶಿಷ್ಯನು ಹೊಸ ಪ್ರತಿಯನ್ನು ಹಂಚಿದಾಗಲೆಲ್ಲ ನನಗೆ ಫೋನು ಮಾಡುತ್ತಾನೆ. “ಚೆನ್ನಾಗಿದೆಯೇ ಸರ್?” ಎಂದು ಕೇಳುವುದಿಲ್ಲ, “ಏನು ಕಾಣಿಸ್ತಿದೆ, ಓದಿ ಸರ್” ಎನ್ನುತ್ತಾನೆ. ತರಗತಿಯಲ್ಲಿ ಪಾಠ ಓದಿಸುತ್ತಿದ್ದವನು ನಾನು. ಈಗ ಕನ್ನಡಕ ಹಾಕಿಕೊಂಡು, ಅಕ್ಷರ ಬಿಡದೆ, ಅವನಿಗೆ ಓದಿ ಒಪ್ಪಿಸುತ್ತೇನೆ.