ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು!

1990ರ ದಶಕದ ಆರಂಭ. ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಎಮಿ ಎಡ್ಮಂಡ್‌ಸನ್ ಅಮೆರಿಕದ ಎರಡು ಆಸ್ಪತ್ರೆಗಳ ಅಂಕಿಅಂಶ ಹಿಡಿದು ಕುಳಿತಿದ್ದರು. ತಪ್ಪು ಔಷಧ ಕೊಟ್ಟದ್ದು, ಪ್ರಮಾಣ ಹೆಚ್ಚುಕಡಿಮೆಯಾದದ್ದು ಯಾವ ವಾರ್ಡಿನಲ್ಲಿ ಎಷ್ಟು ಎಂಬ ಲೆಕ್ಕ ಒಂದೆಡೆ. ಅಲ್ಲಿನ ಸಿಬ್ಬಂದಿ ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತಾರೆ ಎಂಬ ಸಮೀಕ್ಷೆ ಇನ್ನೊಂದೆಡೆ. ಹೊಂದಾಣಿಕೆ ಇದ್ದಲ್ಲಿ ತಪ್ಪು ಕಡಿಮೆ ಇರಬೇಕಲ್ಲವೇ? ಲೆಕ್ಕ ತಿರುಗುಮುರುಗಾಗಿತ್ತು. ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಜಾಸ್ತಿ.

ಈ ಫಲಿತಾಂಶದ ಸುಳಿವೇ ಇಲ್ಲದ ಇನ್ನೊಬ್ಬ ಸಂಶೋಧಕರನ್ನು ಅವರು ವಾರ್ಡುಗಳಿಗೆ ಕಳಿಸಿದರು. ಅವರಿಗೆ ಕಂಡುಬಂದದ್ದು ಬೇರೆಯದೇ ಚಿತ್ರ. ಕೆಲವು ವಾರ್ಡುಗಳಲ್ಲಿ ನರ್ಸ್‌ಗಳು ಆದ ತಪ್ಪಿನ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳುತ್ತಿದ್ದರು; ಇನ್ನು ಕೆಲವು ಕಡೆ ತಪ್ಪು ಒಪ್ಪಿಕೊಂಡವರಿಗೆ ಕಟಕಟೆಯಲ್ಲಿ ನಿಂತ ಅನುಭವ. ಒಳ್ಳೆಯ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದದ್ದನ್ನು ಹೆಚ್ಚು ಹೇಳಿಕೊಳ್ಳುತ್ತಿದ್ದವು ಎಂಬ ವಿವರಣೆ ಹುಟ್ಟಿದ್ದು ಹೀಗೆ. 1999ರಲ್ಲಿ ಒಂದು ತಯಾರಿಕಾ ಕಂಪನಿಯ 51 ತಂಡಗಳ ಅಧ್ಯಯನ ಪ್ರಕಟಿಸಿದ ಎಡ್ಮಂಡ್‌ಸನ್, ಹೇಳಿದರೆ ಅವಮಾನವಾಗದು ಎಂಬ ಈ ಭರವಸೆಯನ್ನು ‘ಸೈಕಲಾಜಿಕಲ್ ಸೇಫ್ಟಿ’ ಎಂದು ಕರೆದರು. ಅದು ಇದ್ದಲ್ಲಿ ತಂಡ ಕಲಿಯುತ್ತದೆ, ಕಲಿತ ತಂಡದ ಕೆಲಸವೂ ಸುಧಾರಿಸುತ್ತದೆ.

ತಂಡ ತನ್ನ ಬಗ್ಗೆಯೇ ಮಾತಾಡಿಕೊಳ್ಳುವ ಪದ್ಧತಿಗೆ ಇದಕ್ಕಿಂತ ಹಳೆಯ ಚರಿತ್ರೆಯಿದೆ. ‘ಗ್ರೂಪ್ ಡೈನಮಿಕ್ಸ್’ ಎಂಬ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಕರ್ಟ್ ಲೆವಿನ್. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಯಹೂದಿ ಮನಶ್ಶಾಸ್ತ್ರಜ್ಞ. 1946ರ ಬೇಸಿಗೆಯಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್‌ನಲ್ಲಿ ಅವರೊಂದು ಕಾರ್ಯಾಗಾರ ನಡೆಸಿದರು. ಜನಾಂಗೀಯ ಭೇದಭಾವ ಹೋಗಲಾಡಿಸಲು ಶಿಕ್ಷಕರನ್ನೂ ಸಮಾಜ ಕಾರ್ಯಕರ್ತರನ್ನೂ ಸಜ್ಜುಗೊಳಿಸುವುದು ಉದ್ದೇಶ. ಹಗಲು ಗುಂಪು ಚರ್ಚೆ. ಪ್ರತಿ ಗುಂಪಿನಲ್ಲೂ ಒಬ್ಬ ವೀಕ್ಷಕ ಕುಳಿತು ಯಾರು ಏನೆಂದರು, ಯಾರು ಸುಮ್ಮನಾದರು ಎಂದು ಬರೆದುಕೊಳ್ಳುತ್ತಿದ್ದ. ಸಂಜೆ ತರಬೇತುದಾರರು, ವೀಕ್ಷಕರು ಸೇರಿ ಅದನ್ನು ಪರಾಮರ್ಶಿಸುತ್ತಿದ್ದರು. ಶಿಬಿರಾರ್ಥಿಗಳಿಗೆ ಅಲ್ಲಿ ಜಾಗವಿರಲಿಲ್ಲ.

ಒಂದು ಸಂಜೆ ಕೆಲವು ಶಿಬಿರಾರ್ಥಿಗಳು ಬಂದು, ನಾವೂ ಕೂರಬಹುದೇ ಎಂದರು. ಸಿಬ್ಬಂದಿಗೆ ಮುಜುಗರ, ಲೆವಿನ್ ಮಾತ್ರ ಕೂರಿಸಿಕೊಂಡರು. ವೀಕ್ಷಕ ವರದಿ ಓದುತ್ತಾ ಒಬ್ಬ ಮಹಿಳೆಯ ವರ್ತನೆಯನ್ನು ಬಣ್ಣಿಸಿದ. ಅಲ್ಲೇ ಇದ್ದ ಆಕೆ, ನಡೆದದ್ದು ಹಾಗಲ್ಲ ಎಂದು ತಡೆದರು. ಅದೇ ಘಟನೆಯ ಎರಡು ಕಥನಗಳು ಎದುರುಬದುರಾದವು. ಮಾತು ಕಾವೇರಿತು, ಲೆವಿನ್‌ಗೆ ಹುರುಪೇ ಹುರುಪು. ಮುಂದಿನ ಸಂಜೆಗಳಿಗೆ ಶಿಬಿರಾರ್ಥಿಗಳು ದಂಡಿಯಾಗಿ ಬಂದರು. ಹಗಲಿನ ಪಾಠಕ್ಕಿಂತ ಈ ಸಂಜೆಯ ಜಟಾಪಟಿಯಲ್ಲೇ ಕಲಿಕೆ ಹೆಚ್ಚೆಂದು ಎಲ್ಲರಿಗೂ ಅನಿಸತೊಡಗಿತು. ಗುಂಪು ತನ್ನ ವರ್ತನೆಯನ್ನೇ ಚರ್ಚಿಸಿ ಕಲಿಯುವ ‘ಟಿ-ಗ್ರೂಪ್’ ತರಬೇತಿಯ ಮೂಲ ಇದೇ. 1947ರಲ್ಲಿ ಮೇನ್ ರಾಜ್ಯದ ಬೆತೆಲ್‌ನಲ್ಲಿ ಅದು ಸಂಸ್ಥೆಯ ರೂಪ ಪಡೆಯಿತು. ನೋಡಲು ಲೆವಿನ್ ಇರಲಿಲ್ಲ. ಆ ವರ್ಷದ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು.

ಆಪರೇಷನ್ ಥಿಯೇಟರಿನಲ್ಲಿ ಇಂಥ ಮಾತುಕತೆಗೆ ಪುರುಸೊತ್ತೆಲ್ಲಿ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು ತಂದ ಒಂದು ಪುಟದ ತಪಾಸಣಾ ಪಟ್ಟಿ ಇದಕ್ಕೆ ದಾರಿ ಮಾಡಿಕೊಟ್ಟಿತು. ಚರ್ಮಕ್ಕೆ ಚಾಕು ತಾಗಿಸುವ ಮೊದಲು ಕೋಣೆಯಲ್ಲಿರುವ ಎಲ್ಲರೂ ಹೆಸರು, ಕೆಲಸ ಹೇಳಿ ಪರಿಚಯ ಮಾಡಿಕೊಳ್ಳಬೇಕು. ಹೆಸರು ಹೇಳಲು ಒಮ್ಮೆ ಬಾಯಿ ತೆರೆದ ನರ್ಸ್‌ಗೆ, ಆಮೇಲೆ ಏನೋ ಎಡವಟ್ಟು ಕಂಡಾಗ ಸರ್ಜನ್ನರನ್ನು ತಡೆಯುವುದು ಅಷ್ಟು ಕಷ್ಟವಾಗದು ಎಂಬುದು ಇದರ ಹಿಂದಿನ ಎಣಿಕೆ. ರೋಗಿಯನ್ನು ಹೊರಗೆ ಕಳಿಸುವ ಮುನ್ನ ಸರ್ಜನ್, ಅರಿವಳಿಕೆ ತಜ್ಞ, ನರ್ಸ್ ಮೂವರೂ ಮುಂದಿನ ಆರೈಕೆಯ ಬಗ್ಗೆ ಮಾತಾಡಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ವರದಿಯಾಯಿತು.

ಆದರೆ ಕೆನಡಾದ ಆಂಟಾರಿಯೊ ಪ್ರಾಂತ್ಯದ ಕಥೆ ಬೇರೆ. ಅಲ್ಲಿ ಇಂಥದೇ ಪಟ್ಟಿಯನ್ನು ಕಡ್ಡಾಯ ಮಾಡಲಾಯಿತು, ಶೇ. 90ಕ್ಕಿಂತ ಹೆಚ್ಚು ಪಾಲನೆಯಾಗಿದೆ ಎಂದು ಆಸ್ಪತ್ರೆಗಳೂ ವರದಿ ಕೊಟ್ಟವು. 2014ರಲ್ಲಿ 101 ಆಸ್ಪತ್ರೆಗಳ ಅಧ್ಯಯನ ಪ್ರಕಟವಾದಾಗ ಸಾವಿನ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಕಾರಣದ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದೇ ಇದೆ. ತರಬೇತಿಯಿಲ್ಲದೆ ಮೇಲಿನಿಂದ ಹೇರಿದರೆ ಸಿಬ್ಬಂದಿ ಟಿಕ್ ಹಾಕುತ್ತಾರೆಯೇ ಹೊರತು ಮಾತಾಡುವುದಿಲ್ಲ ಎಂಬುದು ಅದರಲ್ಲಿ ಬಲವಾಗಿ ಕೇಳಿಬಂದ ವಾದ.