ಗುಡ್ಡೆಮನೆಯ ಬೇಸಿಗೆ ತಯಾರಿ: ನೀರು, ಬೆಂಕಿಗಡಿ ಮೊದಲು, ಮಾಡು, ಗೋಡೆ ಮತ್ತೆ

ಕೆಳಗೆ ತೋಡಿನ ಬದಿಗೆ ಅಡಿಕೆ ತೋಟ, ತೋಟದ ಮನೆ. ಮೇಲೆ ಗುಡ್ಡೆಯಲ್ಲಿ ಗೇರು, ಅದರ ನಡುವೆ ಮುರಕಲ್ಲಿನ ಒಂದು ಸಣ್ಣ ಹಂಚಿನ ಮನೆ. ನಮ್ಮದು ಹೀಗೆ. ಬಂಟ್ವಾಳ ತಾಲೂಕಿನ ಈ ಗಡಿ ಭಾಗದಲ್ಲಿ, ಆಚೆ ಕಾಸರಗೋಡಿನ ಕಡೆಯಲ್ಲೂ ಇಂಥ ಗುಡ್ಡೆಮನೆ ಇನ್ನೂ ಕೆಲವರಿಗುಂಟು. ಪತ್ತನಾಜೆಯ ಹೊತ್ತಿಗೆ ಬೀಗ ಹಾಕಿ ಇಳಿದರೆ ಮತ್ತೆ ಹತ್ತುವುದು ಮಕರ ಸಂಕ್ರಮಣ ಕಳೆದ ಮೇಲೆ. ಎಂಟು ತಿಂಗಳು ಮನೆ ಇಲಿ, ಒರಲೆ, ಮಂಗಗಳ ಪಾಲು.

"ಆ ಮನೆ ಯಾಕೆ ಬೇಕು, ಬೀಜ ಹೆಕ್ಕಲಿಕ್ಕೆ ಬೆಳಗ್ಗೆ ಹೋಗಿ ಸಂಜೆ ಬಂದರಾಗದಾ?" ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ಹಣ್ಣಿನ ಆಸೆಗೆ ಬಾವಲಿ ರಾತ್ರಿಯೇ ಬೀಜಸಮೇತ ಹೊತ್ತೊಯ್ಯುತ್ತದೆ. ಏಪ್ರಿಲಿನಲ್ಲಿ ಒಂದು ಮಳೆ ಬಿದ್ದು, ಬಿದ್ದ ಬೀಜ ಹೆಕ್ಕದೆ ಎರಡು ದಿನ ಉಳಿದರೆ ಕಪ್ಪಾಗಿ ಕ್ರಯ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡದು ಬೆಂಕಿ. 2019ರ ಮಾರ್ಚಿನಲ್ಲಿ ಆಚೆ ಗುಡ್ಡೆಯಿಂದ ಬಂದ ಬೆಂಕಿಗೆ ನಮ್ಮ ನಲುವತ್ತು ಫಲದ ಮರ ಹೋಯಿತು. ಕೆಳಗಿನಿಂದ ಹೊಗೆ ಕಂಡು ಮೇಲೆ ಹತ್ತಲಿಕ್ಕೆ ಅರ್ಧ ಗಂಟೆ ಬೇಕು. ಮುಳಿಹುಲ್ಲಿಗೆ ಹಿಡಿದ ಬೆಂಕಿಗೆ ಅರ್ಧ ಗಂಟೆ ಎಂದರೆ ಬಹಳ. ಮೇಲೆ ಜನ ಇದ್ದರೆ ಅದು ಬೇರೆ ಮಾತು.

ಈ ಸಲ ಜನವರಿಯ ಕೊನೆಯ ಶನಿವಾರ-ಆದಿತ್ಯವಾರ ಇಟ್ಟುಕೊಂಡೆವು. ಅತ್ತೆ, ನಮ್ಮ ಮನೆಯವರು, ನಾನು, ಮಗ, ಬೆಂಗಳೂರಿನಿಂದ ಬಂದ ಮೈದುನ, ಓರಗಿತ್ತಿ, ಅವರ ಎರಡು ಮಕ್ಕಳು. ಒಟ್ಟು ಎಂಟು ಜನ. ಆಳು ಸಿಗಲಿಲ್ಲ, ಕರೆಯಲೂ ಇಲ್ಲ. ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಪ್ಪಳ, ಎರಡು ಹಾರೆ, ನಾಲ್ಕು ಕತ್ತಿ, ಒಂದು ವೀಡ್ ಕಟರ್ ಹೊತ್ತು ಹತ್ತಿದೆವು.

ಬಾಗಿಲು ತೆಗೆದ ಕೂಡಲೇ ಎಲ್ಲರಿಗೂ ಕಾಣುವುದು ಒಳಗಿನ ಕಸ. ಹಿಡಿಸೂಡಿ ಹಿಡಿದರೆ ಆಯಿತು, ಒಂದು ದಿನ ಅದಕ್ಕೇ ಹೋಗುತ್ತದೆ. ಅತ್ತೆಯ ಕ್ರಮ ಬೇರೆ. ಮೊದಲು ಸುರಂಗ, ಮತ್ತೆ ಬೆಂಕಿಗಡಿ, ಸಮಯ ಉಳಿದರೆ ಮನೆ. ನೀರಿಲ್ಲದ ಮನೆ ಗುಡಿಸಿ ಏನು ಮಾಡುವುದು?

ಸುರಂಗಕ್ಕೆ ಇಳಿಯುವ ಮುನ್ನ

ನಮ್ಮ ಸುರಂಗ ಐವತ್ತೆರಡು ಕೋಲು. ಕೋಲಿಗೆ ಎರಡೂವರೆ ಅಡಿಯಂತೆ 130 ಅಡಿ ಉದ್ದ. ಮಾವನವರ ಅಪ್ಪ ತೋಡಿಸಿದ್ದು. ಒಬ್ಬ ನಿಂತು ನಡೆಯುವಷ್ಟು ಎತ್ತರ, ಎರಡಡಿ ಅಗಲ. ಒಳಗಿನ ಒಸರು ನೆಲದ ಸಣ್ಣ ಚರಂಡಿಯಲ್ಲಿ ಹರಿದು ತಾನಾಗಿ ಬಾಯಿಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಿಯಿಂದ ಟಾಂಕಿಗೆ ಮೊದಲು ಅಡಿಕೆ ಮರದ ದಂಬೆ ಇತ್ತು, ಈಗ ಪೈಪು.

ಸುರಂಗ ಎಂದರೆ ಅಜ್ಜಂದಿರ ಕಾಲದ್ದು ಎಂದು ಮೂಗು ಮುರಿಯುವುದು ಬೇಡ. ನಮ್ಮದೇ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡೆಯಲ್ಲಿ ಒಬ್ಬರೇ ಸುರಂಗ ತೋಡುತ್ತಾ ಹೋದರು. ಒಂದರ ಹಿಂದೊಂದು ನೀರಿಲ್ಲದೆ ವ್ಯರ್ಥವಾದರೂ ಬಿಡಲಿಲ್ಲ. ಕೊನೆಗೆ ನೀರು ಸಿಕ್ಕಿ ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತುಂಟು.

ಆದರೆ ಎಂಟು ತಿಂಗಳು ಯಾರೂ ಹೋಗದ ಸುರಂಗಕ್ಕೆ ಸೀದಾ ನುಗ್ಗುವ ಕ್ರಮ ಇಲ್ಲ. ಮುಳ್ಳುಹಂದಿ, ಹಾವು ಇರಬಹುದು. ಬಾವಲಿಯಂತೂ ಉಂಟೇ ಉಂಟು. ಅದಕ್ಕಿಂತ ಅಪಾಯ ಕಟ್ಟಿದ ಗಾಳಿ. ನಾವು ಮಾಡುವುದು ಇಷ್ಟು: ಬಾಯಿಯ ಪೊದೆ ಸವರಿ, ಮೇಲಿನಿಂದ ತೋಡಿದ ಗಾಳಿಗುಂಡಿಯ ಮುಚ್ಚಿಗೆ ತೆಗೆದು ಎರಡು ಗಂಟೆ ಬಿಡುವುದು. ಆ ಮೇಲೆ ಇಬ್ಬರು ಒಳಗೆ, ಒಬ್ಬ ಬಾಯಿಯಲ್ಲಿ ಹಗ್ಗ ಹಿಡಿದು ಹೊರಗೆ. ಮುಂದಿನವನ ಕೈಯಲ್ಲಿ ಮೊಣಕಾಲಿನ ಮಟ್ಟಕ್ಕೆ ಮೇಣದ ಬತ್ತಿ. ದೀಪ ಸಣ್ಣಗಾದರೆ ಮಾತಿಲ್ಲ, ತಿರುಗಿ ಬರುವುದು. ದೀಪ ಉರಿಯಿತು ಎಂದ ಮಾತ್ರಕ್ಕೆ ಎಲ್ಲ ಸರಿ ಎಂದೂ ಅಲ್ಲ. ತಲೆ ಭಾರ ಆದರೆ, ಉಸಿರು ಕಟ್ಟಿದ ಹಾಗೆ ಆದರೆ ಕೂಡಲೇ ಹೊರಗೆ. ಒಬ್ಬ ಬಿದ್ದರೆ ಎತ್ತಲಿಕ್ಕೆಂದು ಇನ್ನೊಬ್ಬ ಓಡಿ ಹೋಗುವುದೇ ಇಂಥಲ್ಲಿ ಎರಡನೇ ಸಾವಿಗೆ ಕಾರಣ. ಪೆಟ್ರೋಲ್ ಪಂಪನ್ನು ಒಳಗೆ ಚಾಲೂ ಮಾಡುವುದಂತೂ ಬೇಡವೇ ಬೇಡ. ಮಳೆಗಾಲದಲ್ಲೂ ಮಳೆ ಬಿಟ್ಟ ಕೂಡಲೂ ಹೋಗಬಾರದು, ಮಣ್ಣು ನೆನೆದಿರುತ್ತದೆ. ಜನವರಿಯೇ ಸರಿ.

ಗಾಳಿಗುಂಡಿಯ ಬುಡದಲ್ಲಿ ಮಣ್ಣು ಜರಿದು ಚರಂಡಿ ಮುಚ್ಚಿತ್ತು. ಹಿಂದಿನ ನೀರು ಅಲ್ಲೇ ಕಟ್ಟಿ ನೆಲಕ್ಕೆ ಇಂಗುತ್ತಿತ್ತು. ಮನೆಯವರು ಮತ್ತು ಮೈದುನ ಹಾಳೆಯ ತುಂಡಿನಲ್ಲಿ ಕೆಸರು ತೋಡಿ ಬುಟ್ಟಿಗೆ ತುಂಬಿದರು, ನಾವು ಹಗ್ಗದಲ್ಲಿ ಹೊರಗೆ ಎಳೆದೆವು. ಇಂಥ ಕಿರಿದಾದ ಜಾಗದಲ್ಲಿ ಕಬ್ಬಿಣದ ಹಾರೆಗಿಂತ ಹಾಳೆ ಉತ್ತಮ, ಚರಂಡಿಯ ಅಡಿ ಗೀರಿ ಹೋಗುವುದಿಲ್ಲ. ಮೂರು ಗಂಟೆಯ ಕೆಲಸ, ಮೂವತ್ತೆಂಟು ಬುಟ್ಟಿ ಕೆಸರು. ಕೆಸರೆಲ್ಲ ಗೇರು ಕಸಿಗಿಡಗಳ ಬುಡಕ್ಕೆ ಹೋಯಿತು.

ಗೋಡೆಯ ಮೇಲಿನ ಲೆಕ್ಕ

ಬೆಳಗ್ಗೆ ಸುರಂಗಕ್ಕೆ ಇಳಿಯುವ ಮೊದಲು ಹತ್ತು ಲೀಟರಿನ ಬಾಲ್ದಿ ತುಂಬಲು ಆರು ನಿಮಿಷ ಬೇಕಾಗಿತ್ತು. ಕೆಸರು ತೆಗೆದ ಕೂಡಲೇ ಇಟ್ಟರೆ ಎರಡೇ ನಿಮಿಷ! ಮಕ್ಕಳು ಕುಣಿದರು. ಅತ್ತೆ ನಕ್ಕು, "ಅದು ಕಟ್ಟಿದ ನೀರು ಮಗಾ, ಒಸರಿನ ನೀರಲ್ಲ. ನಾಳೆ ನೋಡುವಾ" ಎಂದರು. ಆದಿತ್ಯವಾರ ಬೆಳಗ್ಗೆ ಇಟ್ಟಾಗ ನಾಲ್ಕು ನಿಮಿಷ. ಅದೇ ನಿಜವಾದ ಅಳತೆ. ನಿಮಿಷಕ್ಕೆ ಎರಡೂವರೆ ಲೀಟರ್, ದಿನಕ್ಕೆ 3,600 ಲೀಟರ್.

ಅಡಿಗೆಕೋಣೆಯ ಬಾಗಿಲ ಹಿಂದೆ ಅತ್ತೆ ಇದ್ದಿಲಿನಲ್ಲಿ ಬರೆದಿಟ್ಟ ಲೆಕ್ಕ ಉಂಟು. ಪ್ರತಿ ವರ್ಷ ಮೂರು ಅಳತೆ: ಬೀಗ ತೆಗೆದಾಗ, ಶಿವರಾತ್ರಿಗೆ, ವಿಷುವಿಗೆ. ಸುಣ್ಣ ಬಳಿಯುವಾಗಲೂ ಆ ಜಾಗ ಬಿಟ್ಟೇ ಬಳಿಯುವುದು. ಕಳೆದ ವರ್ಷ ಜನವರಿಯಲ್ಲಿ ಮೂರು ನಿಮಿಷ, ವಿಷುವಿಗೆ ಒಂಬತ್ತು. ಅಂದರೆ ಜನವರಿಯಲ್ಲಿ ದಿನಕ್ಕೆ 4,800 ಲೀಟರ್ ಇದ್ದದ್ದು ವಿಷುವಿಗೆ 1,600ಕ್ಕೆ ಇಳಿದಿತ್ತು. ಈ ಸಲ ಆರಂಭದಲ್ಲೇ ಒಂದು ನಿಮಿಷ ಹಿಂದೆ.

ಮಾತು ಅಲ್ಲಿಂದಲೇ ಸುರುವಾಯಿತು. ಮೈದುನ ಹೇಳಿದ್ದು ಬೋರ್‌ವೆಲ್ ವಿಷಯ. "ಅಣ್ಣ, ಅರ್ಧ ಖರ್ಚು ನಾನು ಕೊಡುತ್ತೇನೆ. ರಜೆಯಲ್ಲಿ ಮಕ್ಕಳನ್ನು ಇಲ್ಲಿ ಬಿಡಬೇಕಾದರೆ ನೀರಿನ ಚಿಂತೆ ಇರಬಾರದು." ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಮಕ್ಕಳು ಬರುವುದೇ ಬೇಸಿಗೆಯಲ್ಲಿ, ನೀರು ಕಡಿಮೆಯಾಗುವುದೂ ಆಗಲೇ. ಮನೆಯವರ ಹೆದರಿಕೆ ಬೇರೆ. ಸುರಂಗ ಗುಡ್ಡೆಯ ಒಸರನ್ನು ಮಾತ್ರ ತೆಗೆದುಕೊಳ್ಳುತ್ತದೆ, ಬಂದಷ್ಟೇ ಬರುತ್ತದೆ. ಅದರ ಪಕ್ಕದಲ್ಲೇ ಕೊರೆದ ಬೋರಿನ ಕೇಸಿಂಗ್ ಸರಿ ಇಲ್ಲದಿದ್ದರೆ ಮೇಲಿನ ಪದರದ ನೀರು ಅದೇ ತೂತಿನಲ್ಲಿ ಕೆಳಗೆ ಇಳಿದು ಹೋಗಬಹುದು. ಆಮೇಲೆ ಸುರಂಗ ಒಣಗಿದರೆ ಪುನಃ ತರಿಸಲು ಸಾಧ್ಯವಿಲ್ಲ. ಬೋರೂ ಕೈಕೊಟ್ಟರೆ ಎರಡೂ ಇಲ್ಲ.

ಅಣ್ಣ-ತಮ್ಮ ದನಿ ಏರಿಸುವ ಹೊತ್ತಿಗೆ ಅತ್ತೆ ಲೆಕ್ಕಕ್ಕೆ ಕೂತರು. ಮನೆಯಲ್ಲಿ ಆರು ಜನ ಇದ್ದರೆ, ತಲೆಗೆ 70 ಲೀಟರಿನಂತೆ ದಿನಕ್ಕೆ 420. ಕಳೆದ ವರ್ಷ ನೆಟ್ಟ ಗೇರು ಕಸಿಗಿಡ 120, ಗಿಡಕ್ಕೆ ವಾರಕ್ಕೆ 20 ಲೀಟರಿನಂತೆ ದಿನಕ್ಕೆ ಸುಮಾರು 340. ಒಟ್ಟು 760. ವಿಷುವಿಗೆ ಬರುವ 1,600ರಲ್ಲಿ ಅರ್ಧವೂ ಬೇಡ. "ನೀರು ಇಲ್ಲದ್ದಲ್ಲ. ರಾತ್ರಿ ಬಂದದ್ದನ್ನು ಹಿಡಿದಿಡಲಿಕ್ಕೆ ಜಾಗ ಇಲ್ಲದ್ದು."

ನೋಡಿದರೆ ನಿಜ. ಟಾಂಕಿ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ, ಮೂರು ಅಡಿ ಆಳ. ಎಂಟು ಸಾವಿರ ಲೀಟರ್ ಹಿಡಿಯಬೇಕು. ತಳದಲ್ಲಿ ಒಂದೂವರೆ ಅಡಿ ಕೆಸರು, ಮೂಲೆಯಲ್ಲಿ ಬಿರುಕು. ಅರ್ಧ ಟಾಂಕಿ ಮಣ್ಣಿಗೆ, ಉಳಿದದ್ದರಲ್ಲಿ ಒಂದು ಪಾಲು ಬಿರುಕಿಗೆ. ಆದಿತ್ಯವಾರ ಮಧ್ಯಾಹ್ನದವರೆಗೆ ಮಕ್ಕಳೂ ಸೇರಿ ಕೆಸರು ಎತ್ತಿದರು. ಬಿರುಕನ್ನು ಉಳಿಯಲ್ಲಿ ಅಗಲ ಮಾಡಿ ಸಿಮೆಂಟು ತುಂಬಿಸಿದ್ದು ಮೈದುನನೇ. ಬೋರಿನ ಮಾತು ವಿಷುವಿಗೆ ಮುಂದೂಡಿದೆವು. ಅಂದು ಬಾಲ್ದಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಕಾದರೆ, ಅಂದರೆ ದಿನಕ್ಕೆ 960 ಲೀಟರಿಗಿಂತ ಕಡಿಮೆಯಾದರೆ, ಆಗ ಪುನಃ ಕೂತು ಮಾತಾಡುವುದು.

ಬೆಂಕಿಗಡಿ

ನಾವು ಸುರಂಗದಲ್ಲಿದ್ದಾಗ ಮಗ ಬೆಂಕಿಗಡಿಯ ಕೆಲಸ ಹಿಡಿದಿದ್ದ. ಆಚೆ ಗುಡ್ಡೆಯ ಬದಿಗೆ ಹದಿನೈದು ಅಡಿ ಅಗಲಕ್ಕೆ ಹುಲ್ಲು, ತರಗೆಲೆ, ಪೊದೆ ಎಲ್ಲ ತೆಗೆದು ಮಣ್ಣು ಕಾಣುವ ಹಾಗೆ ಮಾಡುವುದು. ಕಮ್ಯುನಿಸ್ಟ್ ಗಿಡವನ್ನು ಬುಡಸಮೇತ ಕೀಳಬೇಕು. ಹಸಿಯಲ್ಲಿ ಸಾಧು, ಮಾರ್ಚಿನಲ್ಲಿ ಒಣಗಿ ನಿಂತರೆ ಸೂಟೆಯ ಹಾಗೆ ಉರಿಯುತ್ತದೆ. ವೀಡ್ ಕಟರ್ ಬೆಳಗ್ಗೆ ಇಬ್ಬನಿ ಇರುವಾಗ ಮಾತ್ರ. ಬ್ಲೇಡು ಕಲ್ಲಿಗೆ ತಾಗಿ ಕಿಡಿ ಹಾರಿದರೆ ಗಡಿ ಮಾಡಲು ಹೋದವರೇ ಬೆಂಕಿ ಕೊಟ್ಟ ಹಾಗೆ. ಪೆಟ್ರೋಲ್ ತುಂಬಿಸುವುದು ಯಂತ್ರ ತಣಿದ ಮೇಲೆ, ಬೋಳು ಜಾಗದಲ್ಲಿ.

ಗಡಿಯನ್ನು ಸುಟ್ಟು ಮಾಡುವವರೂ ಉಂಟು. ನನಗೆ ಅದು ಸರಿ ಕಾಣುವುದಿಲ್ಲ. ಹತ್ತು ಗಂಟೆಯ ಮೇಲೆ ಗುಡ್ಡೆಯ ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. ಕಡಿದ ಹುಲ್ಲು, ಸೊಪ್ಪನ್ನು ಕಟ್ಟ ಕಟ್ಟಿ ಕೆಳಗಿನ ತೋಟಕ್ಕೆ ಮುಚ್ಚಿಗೆಗೆ ಹಾಕಿದರೆ ಎರಡು ಲಾಭ. ಮನೆಯ ಸುತ್ತ ಮೂವತ್ತಡಿ ಗುಡಿಸಿ ಆಯಿತು. ಗೋಡೆಗೆ ಒರಗಿಸಿದ್ದ ಕಟ್ಟಿಗೆ ರಾಶಿಯನ್ನು ದೂರ ಸಾಗಿಸಿದೆವು. ಬೆಂಕಿಗೂ ಒಳ್ಳೆಯದು, ಹಾವಿಗೂ ಮನೆಯ ಬದಿ ಜಾಗ ಇಲ್ಲ.

ತರಗೆಲೆಯಲ್ಲಿ ಕೆಲಸ ಮಾಡುವವರು ಉಣುಗಿನ ಬಗ್ಗೆ ಜಾಗ್ರತೆ ಮಾಡಬೇಕು. ಮಂಗನ ಕಾಯಿಲೆ ಶಿವಮೊಗ್ಗದ ಕಡೆಯದ್ದು, ನಮಗೇನು ಎಂಬ ಮಾತು ಬೇಡ. 1957ರಲ್ಲಿ ಅದು ಮೊದಲು ಗೊತ್ತಾದದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, ಹೌದು. ಆದರೆ 1980ರ ದಶಕದಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿನಲ್ಲೂ ಜನ ಸತ್ತಿದ್ದಾರೆ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದಾರೆ. ಮೈ ಮುಚ್ಚುವ ಬಟ್ಟೆ, ಕೆಲಸ ಮುಗಿಸಿ ಬಿಸಿನೀರಿನ ಸ್ನಾನ, ಮಕ್ಕಳ ಕಿವಿ ಹಿಂದೆ, ಕಂಕುಳಲ್ಲಿ ಒಮ್ಮೆ ನೋಡುವುದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು.

ಉಳಿದ ಸಮಯದಲ್ಲಿ ಮನೆ

ಇಪ್ಪತ್ತಮೂರು ಹಂಚು ಒಡೆದಿತ್ತು, ಹೆಚ್ಚಿನದ್ದು ಮಂಗನ ಕೃಪೆ. ಒಂದೆರಡು ಹಂಚು ಬದಲಿಸಲಿಕ್ಕೆ ಮಾಡಿಗೆ ಹತ್ತಬೇಕಾಗಿಲ್ಲ. ಒಳಗಿನಿಂದ ಏಣಿ ಇಟ್ಟು, ಮೇಲಿನ ಸಾಲಿನ ಹಂಚನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಎಳೆದು ಹೊಸತು ಜಾರಿಸಿದರಾಯಿತು. ಹತ್ತಲೇಬೇಕಾದರೆ ಪಕ್ಕಾಸಿನ ಮೇಲೆ ಬರುವಂತೆ ಹಲಗೆ ಹಾಕಿಕೊಳ್ಳಿ. ಹಳೆ ಮನೆ ಬಿಚ್ಚಿದಲ್ಲಿಂದ ಅದೇ ಅಳತೆಯ ಹಂಚು ತಂದು ಇಟ್ಟುಕೊಂಡದ್ದು ಉಪಕಾರ ಆಯಿತು. ಬೇರೆ ಬೇರೆ ಕಾರ್ಖಾನೆಯ ಹಂಚು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ.

ಎರಡು ರೀಪಿಗೆ ಒರಲೆ ಹಿಡಿದಿತ್ತು. ಬದಲಿಸಿದ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಒರಲೆಗೆ ಒಳ್ಳೆಯದು, ಆದರೆ ಮೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ಕೈಗೆ ಗ್ಲೌಸ್ ಬೇಕೇ ಬೇಕು, ಮಕ್ಕಳು ಹತ್ತಿರ ಬೇಡ. ಒಳಗಿನ ಇಲಿಹಿಕ್ಕೆಯನ್ನು ಒಣಗಿದಲ್ಲೇ ಗುಡಿಸದೆ ನೀರು ಚಿಮುಕಿಸಿ ತೆಗೆದೆವು. ನೆಲ ಸಾರಿಸಲಿಕ್ಕೆ ಹೊತ್ತಾಗಲಿಲ್ಲ. ಅದು ಮುಂದಿನ ವಾರಕ್ಕೆ.

ಕೈಯಿಂದ ಹೋದ ದುಡ್ಡು ಎಂದರೆ ಒಂದು ಚೀಲ ಸಿಮೆಂಟು, ರೀಪು, ಪೆಟ್ರೋಲು, ಮೇಣದ ಬತ್ತಿ, ಅಷ್ಟೇ. ಆಚೆ ಗುಡ್ಡೆಯವರ ಬದಿಯ ಗಡಿ ಇನ್ನೂ ಆಗಬೇಕು. ಅವರು ಊರಲ್ಲಿಲ್ಲ, ಫೋನಿನಲ್ಲಿ ಒಪ್ಪಿಗೆ ಸಿಕ್ಕಿದೆ. ನಮ್ಮ ಗಡಿಗೆ ತಾಗಿದ ಅವರ ಹತ್ತಡಿಯನ್ನೂ ನಾವೇ ಸವರುವುದೆಂದು ಮಾತಾಗಿದೆ. ಟಾಂಕಿಯ ಸಿಮೆಂಟು ಒಣಗಿದ ಮೇಲೆ ಸಂಜೆ ತುಂಬಿಸಿ, ನೀರಿನ ಮಟ್ಟಕ್ಕೆ ಗೆರೆ ಎಳೆದು, ಸುರಂಗದ ಪೈಪನ್ನು ಒಂದು ರಾತ್ರಿ ಹೊರಗೆ ತಿರುಗಿಸಿಡಬೇಕು. ಬೆಳಗ್ಗೆ ಗೆರೆಯಿಂದ ಎಷ್ಟು ಇಳಿದಿದೆ ನೋಡಿದರೆ ಬಿರುಕು ಮುಚ್ಚಿತೋ ಇಲ್ಲವೋ ಗೊತ್ತಾಗುತ್ತದೆ.