ಕ್ಯಾಸೆಟ್ಟಿನ 'ಎ' ಬದಿ ಹೋಯಿತು, 'ಬಿ' ಬದಿ ಉಳಿಯಿತು

ಚನ್ನಗಿರಿ ತಾಲೂಕಿನ ಬಸವಾಪಟ್ಟಣಕ್ಕೆ ನಾವು ಹೋದದ್ದು ನೆಂಟರ ಮನೆಯ ನಿಕಾಹ್‌ಗೆ. ವ್ಯಾಪಾರಕ್ಕೆಂದು ಘಟ್ಟ ಹತ್ತಿದ ಬ್ಯಾರಿಗಳು ಚಿಕ್ಕಮಗಳೂರು, ಶಿವಮೊಗ್ಗ, ಕೊಡಗಿನಲ್ಲಿ ನೆಲೆನಿಂತದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ದಾವಣಗೆರೆ ಸೀಮೆಯ ಈ ಹಳೆಯ ಕೋಟೆಯೂರಲ್ಲೂ ಬ್ಯಾರಿ ಮಾತಾಡುವ ಮನೆಯೊಂದಿದೆ ಅಂದಾಗ ನಮಗೂ ಆಶ್ಚರ್ಯವೇ ಆಯ್ತು. ಊರು ಸಣ್ಣದಲ್ಲ, ಇತಿಹಾಸವೂ ಸಣ್ಣದಲ್ಲ. 1687ರಲ್ಲಿ ಮೊಘಲರು ಸಿರಾ ಪ್ರಾಂತ್ಯ ಮಾಡಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾಗಿತ್ತು. ಈಗ ಸುತ್ತ ಅಡಿಕೆ ತೋಟ, ಭತ್ತದ ಗದ್ದೆ. ಸೂಳೆಕೆರೆ ದೂರವಿಲ್ಲ.

ಆ ಮನೆಯ ಹುಡುಗನಿಗೆ ಇಪ್ಪತ್ತಾರು ವರ್ಷ. ಟಾಟಾ ಏಸ್ ಗಾಡಿ, ನಾಲ್ಕು ದೊಡ್ಡ ಬಾಕ್ಸ್, ಒಂದು ಮಿಕ್ಸರ್, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಸೌಂಡ್ ಸಿಸ್ಟಮ್ ನಡೆಸುತ್ತಾನೆ. ಊರವರಿಗೆ ಅವನು 'ಡಿಜೆ'. ಉಮ್ಮನಿಗೆ ಮಾತ್ರ 'ಮೋನೆ'. ಮನೆಯೊಳಗೆ ಬ್ಯಾರಿ, ಮಸೀದಿ ಬೀದಿಯಲ್ಲಿ ದಖ್ಖನಿ ಉರ್ದು, ಕೆಲಸಕ್ಕೆ ನಿಂತರೆ ಅಪ್ಪಟ ದಾವಣಗೆರೆ ಕನ್ನಡ ಆಡುತ್ತಾನೆ.

ಮದುವೆಯಲ್ಲಿ ಡಿಜೆ ಬೇಡ ಎಂಬ ಮಾತು ನಮ್ಮ ಜಮಾಅತ್‌ಗಳಲ್ಲಿ ಹೊಸದಲ್ಲ. ಮನೆ ನಡುಗುವ ಹಾಗೆ ಬಾಕ್ಸ್ ಇಟ್ಟು, ಪಕ್ಕದ ಮನೆಯ ರೋಗಿ, ಹಸುಗೂಸು ಯಾರನ್ನೂ ನೋಡದೆ ಕುಣಿಯುವುದನ್ನು ನಾವೂ ಒಪ್ಪುವವರಲ್ಲ. ಆದರೆ ಈ ಹುಡುಗನ ಗಾಡಿ ಪಕ್ಕ ಅರ್ಧ ದಿನ ಕೂತ ಮೇಲೆ ಒಂದು ಮಾತು ಹೇಳಬೇಕು ಅನಿಸಿತು. ನಮ್ಮ ಮನೆಯ ಹಾಡುಗಳು ಈಗ ಯಾರ ಬಳಿ ಇವೆ ಎಂದು ಹುಡುಕಿದರೆ, ಉತ್ತರ ಇಂಥ ಹುಡುಗರ ಪೆನ್‌ಡ್ರೈವ್‌ನಲ್ಲೇ ಸಿಗಬಹುದು.

ಅವನ ಲ್ಯಾಪ್‌ಟಾಪ್ ತೆರೆದರೆ ಈ ಸೀಮೆಯ ಜನಗಣತಿ ಕಂಡ ಹಾಗಾಗುತ್ತದೆ. ಲಿಂಗಾಯತರ ಮದುವೆಗೆ ಒಂದು ಫೋಲ್ಡರ್, ಗಣಪತಿ ಬಿಡುವ ದಿನಕ್ಕೆ ಒಂದು, ರಾಜ್ಯೋತ್ಸವಕ್ಕೆ ಒಂದು. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಪಕ್ಕದ ನ್ಯಾಮತಿ ತಾಲೂಕಿನಲ್ಲೇ ಇದೆ. ಸುತ್ತ ತಾಂಡಾಗಳಿವೆ, ಹಾಗಾಗಿ ಲಂಬಾಣಿ ಹಾಡಿನ ಫೋಲ್ಡರ್ ಎಲ್ಲಕ್ಕಿಂತ ದಪ್ಪ. ದಖ್ಖನಿ ಮದುವೆಗೆ ಕವ್ವಾಲಿ. ಕೊನೆಯಲ್ಲಿ 'ಬಿ' ಅಂತ ಸಣ್ಣ ಫೋಲ್ಡರ್. ಅದು ಬ್ಯಾರಿ. ಅದರೊಳಗೂ ಎರಡು ಭಾಗ: ಒಂದರಲ್ಲಿ ವಾದ್ಯ ಇರುವ ಹಾಡು, ಇನ್ನೊಂದರಲ್ಲಿ ದಫ್ ಮತ್ತು ಬರೀ ದನಿ. "ಹಿರಿಯರು ಬಂದು 'ವಾದ್ಯ ಬೇಡ ಮೋನೆ' ಅಂದ್ರೆ ಹುಡುಕ್ತಾ ಕೂರೋಕಾಗಲ್ಲ ಸರ್. ಒಂದು ಬೆರಳಲ್ಲಿ ಬದಲಾಗ್ಬೇಕು" ಅಂತಾನೆ.

ಹೆಸರಿಡುವುದೇ ದೊಡ್ಡ ತಲೆನೋವಂತೆ. ಹಾಡಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಹಳೆಯ ಪ್ಲೇಯರ್‌ನ ಪರದೆಯಲ್ಲಿ ಬರೀ ಚೌಕ ಚೌಕ ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 'ಮೈಲಾಂಜಿ' ಎಂಬ ಒಂದೇ ಪದವನ್ನು ಐದು ಜನ ಐದು ರೀತಿ ಬರೆದಿರುತ್ತಾರೆ, ಹುಡುಕಿದರೆ ಒಂದೂ ಸಿಗುವುದಿಲ್ಲ. ಅದಕ್ಕೆ ಅವನು ಅಂಕಿ ಹಿಡಿದಿದ್ದಾನೆ. ಬಿ-014 ಅಂದರೆ ಯಾವ ಹಾಡು, ಯಾರು ಹಾಡಿದ್ದು, ಯಾರು ಕೊಟ್ಟದ್ದು ಎಂಬುದೆಲ್ಲ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಲ್ಯಾಪ್‌ಟಾಪ್ ಕೆಟ್ಟರೂ ನೋಟ್‌ಬುಕ್ ಕೆಡುವುದಿಲ್ಲ ಎನ್ನುವುದು ಅವನು ಪೆಟ್ಟು ತಿಂದು ಕಲಿತ ಪಾಠ.

ಇನ್ನು ಕೆಲವು ಸಂಗತಿಗಳನ್ನು ನಾವೂ ಅವನಿಂದಲೇ ಕಲಿತೆವು. ಇಂಟರ್‌ನೆಟ್‌ನಿಂದ ಇಳಿಸಿದ 128 ಕೆಬಿಪಿಎಸ್‌ನ ಎಂಪಿ3 ಹಾಡನ್ನು 320 ಮಾಡಿಕೊಂಡರೆ ಫೈಲ್ ದಪ್ಪವಾಗುತ್ತದೆ, ದನಿ ಚೆನ್ನಾಗುವುದಿಲ್ಲ. ಹೋದದ್ದು ಹೋಯಿತು. ಮನೆಯ ಫೋನಲ್ಲಿ ವ್ಯತ್ಯಾಸ ತಿಳಿಯದಿದ್ದರೂ ದೊಡ್ಡ ಬಾಕ್ಸಿನಲ್ಲಿ ತಿಳಿದುಬಿಡುತ್ತದೆ. ಕೆಲವು ಹಳೆಯ ಪ್ಲೇಯರ್‌ಗಳು ಫ್ಯಾಟ್32 ಎಂಬ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಮಾತ್ರ ಓದುತ್ತವೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಕೂರುವುದಿಲ್ಲ. ಡಿಜೆ ಸಾಫ್ಟ್‌ವೇರಿಗೆ ಒಮ್ಮೆ ಹಾಡು ತೋರಿಸಿದ ಮೇಲೆ ಆ ಫೋಲ್ಡರನ್ನು ಬೇರೆ ಕಡೆ ಎಳೆದು ಹಾಕಬಾರದು, ಹಾಕಿದರೆ ಮದುವೆ ಮನೆಯಲ್ಲಿ 'ಫೈಲ್ ಇಲ್ಲ' ಅನ್ನುತ್ತದೆ. ಮದುಮಗ ಬಾಗಿಲಿಗೆ ಬಂದ ಹೊತ್ತಲ್ಲಿ ಒಮ್ಮೆ ಹಾಗಾಗಿತ್ತಂತೆ. ಅವನ ಉಪ್ಪ ಮೈಕ್ ಹಿಡಿದು ಸಲಾಂ ಹೇಳಿ, ಬಂದವರ ಹೆಸರು ಹಿಡಿದು ಕರೆಯುತ್ತಾ ಹೊತ್ತು ಕಳೆದರಂತೆ!

ಪೊಲೀಸರ ವಿಷಯವನ್ನೂ ಕೇಳಿದೆವು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ಹಾಡಿನ ಹಕ್ಕಿನ ಕಾಯ್ದೆ ಮದುವೆಗೆ ಸ್ವಲ್ಪ ಸಡಿಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಧಾರ್ಮಿಕ ವಿಧಿಗೆ ಕೊಟ್ಟ ವಿನಾಯಿತಿಯೊಳಗೆ ಮದುವೆ ಮೆರವಣಿಗೆಯೂ, ಮದುವೆಗೆ ಸಂಬಂಧಿಸಿದ ಸಂಭ್ರಮವೂ ಸೇರಿದೆ. ಕೇಂದ್ರ ಸರಕಾರ 2023ರ ಜುಲೈಯಲ್ಲಿ ಸೂಚನೆ ಹೊರಡಿಸಿ ಇದನ್ನೇ ನೆನಪಿಸಿತ್ತು. ಆದರೆ ಅದು ಹಾಡು ಹಾಕುವುದಕ್ಕೆ, ಕದ್ದು ಇಳಿಸಿಕೊಳ್ಳುವುದಕ್ಕಲ್ಲ.

ಈಗ ಆ ಪೆಟ್ಟಿನ ಕತೆಗೆ ಬರೋಣ.

ಅವನ ಉಮ್ಮ ಉಳ್ಳಾಲ ಕಡೆಯವರು. ಎಂಬತ್ತರ ದಶಕದಲ್ಲಿ ಅವರ ಉಪ್ಪ ದಮ್ಮಾಮ್‌ನಲ್ಲಿ ದುಡಿಯುತ್ತಿದ್ದರು. ಫೋನು ದುಬಾರಿ, ಕಾಗದ ಬರೆಯಲು ಮನೆಯ ಹೆಂಗಸರಿಗೆ ಅಕ್ಷರ ಗೊತ್ತಿಲ್ಲ. ಆಗ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಂದ ಹೊರಟವರ ಕೈಯಲ್ಲಿ ಕಳಿಸುವುದಿತ್ತು. ಗಲ್ಫ್‌ನ ಕಾಗದದ ಮೇಲೆಯೇ ಎಸ್.ಎ. ಜಮೀಲ್ ಕಟ್ಟಿದ 'ದುಬೈ ಕತ್ತ್ ಪಾಟ್ಟ್' ಕೇಳದ ಮನೆ ನಮ್ಮಲ್ಲಿ ಯಾವುದಿತ್ತು? ಹಾಗೆ ಹೋದ ಒಂದು 60 ನಿಮಿಷದ ಕ್ಯಾಸೆಟ್ಟಿನ 'ಎ' ಬದಿಯಲ್ಲಿ ಉಮ್ಮನ ಉಮ್ಮ ಅರ್ಧ ಗಂಟೆ ಮಾತಾಡಿದ್ದರು. ಹಸು ಕರು ಹಾಕಿದ್ದು, ಮಾಡು ಸೋರುವುದು, ಮಗಳಿಗೆ ಜ್ವರ ಬಿಟ್ಟದ್ದು, ಎಲ್ಲವೂ ಇತ್ತು. 'ಬಿ' ಬದಿಯಲ್ಲಿ, ಗಂಡನಿಗೆ ಬರಲಾಗದ ಅವರ ತಂಗಿಯ ಮದರಂಗಿ ರಾತ್ರಿಯ ಹಾಡು. ಏಳೆಂಟು ಹೆಂಗಸರು ಕೈ ತಟ್ಟುತ್ತಾ ಹಾಡಿದ ಮೈಲಾಂಜಿ ಪಾಟ್ಟ್. ಗಂಡ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಕ್ಯಾಸೆಟ್ಟೂ ವಾಪಸು ಬಂತು. ಮದುವೆಯಾದ ಮಗಳ ಜೊತೆ ಅದು ಬಸವಾಪಟ್ಟಣಕ್ಕೂ ಬಂತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಮದುವೆಗಳೆಲ್ಲ ನಿಂತಾಗ ಹುಡುಗ ಮನೆಯ ಹಳೆಯ ಟೇಪ್ ರೆಕಾರ್ಡರಿಗೆ ವೈರು ಹಾಕಿ ಎರಡೂ ಬದಿಯನ್ನು ಲ್ಯಾಪ್‌ಟಾಪಿಗೆ ಇಳಿಸಿದ. 'ಆಯ್ತಲ್ಲ, ಇನ್ಯಾಕೆ' ಎಂದು ಟೇಪು, ಕ್ಯಾಸೆಟ್ಟು ಎರಡನ್ನೂ ಗುಜರಿಯವನಿಗೆ ಕೊಟ್ಟ. ಎರಡು ವರ್ಷದ ನಂತರ, ಗಾಡಿಯಿಂದ ಇಳಿಸುವಾಗ ಲ್ಯಾಪ್‌ಟಾಪ್ ಕೈಜಾರಿತು. ಹಾರ್ಡ್ ಡಿಸ್ಕ್ ಒಳಗಿಂದ ಟಿಕ್ ಟಿಕ್ ಸದ್ದು. ಬೆಂಗಳೂರಿಗೆ ಒಯ್ದು ತೋರಿಸಿದರೂ ಏನೂ ಹೊರಬರಲಿಲ್ಲ. ಸಿನಿಮಾ ಹಾಡುಗಳು ಮತ್ತೆ ಸಿಕ್ಕವು, ಲಂಬಾಣಿ ಹಾಡನ್ನು ತಾಂಡಾದ ಗೆಳೆಯರು ಕೊಟ್ಟರು. ಉಮ್ಮನ ಉಮ್ಮನ ದನಿಯನ್ನು ಯಾರು ಕೊಡಬೇಕು?

"ಉಮ್ಮ ಬೈಲಿಲ್ಲ ಸರ್. ಒಂದು ವಾರ ಮಾತೇ ಆಡ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಉಳಿದದ್ದು 'ಬಿ' ಬದಿಯ ಹನ್ನೊಂದು ನಿಮಿಷ. ಅದೂ ಹೇಗೆ? ಲಾಕ್‌ಡೌನ್ ಹೊತ್ತಲ್ಲಿ ಸೌದಿಯಲ್ಲಿದ್ದ ಉಮ್ಮನ ತಂಗಿ ಕೇಳಿದರೆಂದು ಸ್ಪೀಕರ್ ಎದುರು ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಿದ್ದ. ಆಕೆ ಅಳಿಸಿರಲಿಲ್ಲ. ಫ್ಯಾನಿನ ಸದ್ದು, ನಡುವೆ ಒಮ್ಮೆ ಕುಕ್ಕರ್ ಕೂಗಿದ್ದು, ಎಲ್ಲ ಸೇರಿಯೇ ಅದು ವಾಪಸು ಬಂತು. 'ಎ' ಬದಿ ಮನೆಯೊಳಗಿನ ಮಾತು ಅಂತ ಯಾರಿಗೂ ಕಳಿಸಿರಲಿಲ್ಲ. ಹಾಗಾಗಿ ಅದು ಎಲ್ಲೂ ಇಲ್ಲ.

ನಮ್ಮ ಭಾಷೆಯಲ್ಲಿ ಹೆಚ್ಚಿನದು ಬಾಯಲ್ಲೇ ಇದ್ದದ್ದು. 1607ರ ಮುಹ್ಯಿದ್ದೀನ್ ಮಾಲೆ ಅರಬಿ ಮಲಯಾಳ ಲಿಪಿಯಲ್ಲಿ ಬರೆದಿಟ್ಟದ್ದಕ್ಕೆ ಇಂದಿಗೂ ಓದಲು ಸಿಗುತ್ತದೆ. ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು ಸರಕಾರ ಸ್ಥಾಪಿಸಿದ್ದು 2007ರಲ್ಲಿ. ಅದಕ್ಕೂ ಮೊದಲು ತೀರಿಹೋದ ಎಷ್ಟು ಹಾಡುಗಾರ್ತಿಯರ ದನಿ ಯಾರ ಮಾಳಿಗೆಯ ಯಾವ ಡಬ್ಬಿಯಲ್ಲಿ ಬೂಸ್ಟು ಹಿಡಿದಿದೆಯೋ. ನಿಮ್ಮ ಮನೆಯಲ್ಲಿ ಅಂಥ ಕ್ಯಾಸೆಟ್ ಇದ್ದರೆ ಮೊದಲು ಅದರ ಎರಡು ಸಣ್ಣ ಕಿವಿ ಮುರಿಯಿರಿ, ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಬೂಸ್ಟು ಕಂಡರೆ ಟೇಪಿಗೆ ಹಾಕಲೇಬೇಡಿ, ತಿಳಿದವರಿಗೆ ತೋರಿಸಿ. ಇಳಿಸುವಾಗ ಆತುರ ನಡೆಯುವುದಿಲ್ಲ, ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ವೇವ್ ಫೈಲ್ ಆಗಿ ಇಟ್ಟರೆ ಗಂಟೆಗೆ ಸುಮಾರು 600 ಎಂಬಿ. ಈಗಿನ ಕಾಲಕ್ಕೆ ಅದು ಭಾರವಲ್ಲ. ಮೂರು ಕಡೆ ಇಡಿ, ಅದರಲ್ಲೊಂದು ಬೇರೆ ಮನೆಯಲ್ಲಿರಲಿ. ಕ್ಯಾಸೆಟ್ಟನ್ನು ಗುಜರಿಗೆ ಮಾತ್ರ ಹಾಕಬೇಡಿ.

ನಿಕಾಹ್‌ನ ಹಿಂದಿನ ರಾತ್ರಿ ಹೊರಗೆ ಬಾಕ್ಸು ಹತ್ತಕ್ಕೆ ಸರಿಯಾಗಿ ಬಂದಾಯಿತು. ಆ ಹನ್ನೊಂದು ನಿಮಿಷವನ್ನು ದೊಡ್ಡ ಬಾಕ್ಸಲ್ಲಿ ಹಾಕುವುದಕ್ಕೆ ಉಮ್ಮ ಒಪ್ಪಿರಲಿಲ್ಲ. ಹೆಂಗಸರ ದನಿ, ಮನೆಯ ದನಿ, ಬೀದಿಗೆ ಯಾಕೆ ಎಂಬುದು ಅವರ ಮಾತು. ಅದು ಸರಿ ಎಂದೇ ನಮಗೂ ಕಂಡಿತು. ಹೆಂಗಸರ ಕೋಣೆಯಲ್ಲಿ ಅಂಗೈಯಗಲದ ಸ್ಪೀಕರ್ ಇಟ್ಟರು. ನಾವು ಗಂಡಸರು ಜಗಲಿಯಲ್ಲಿ ಚಾಯ ಹಿಡಿದು ಕೂತಿದ್ದೆವು, ಕಿಟಕಿಯಿಂದ ಸ್ವಲ್ಪ ಕೇಳುತ್ತಿತ್ತು. ಕುಕ್ಕರ್ ಕೂಗಿದ ಜಾಗದಲ್ಲಿ ಹಾಡಿನ ಒಂದು ಸಾಲು ಮುಚ್ಚಿಹೋಗಿತ್ತು. ಬಂಟ್ವಾಳದಿಂದ ಬಂದಿದ್ದ ಒಬ್ಬ ಹಿರಿಯ ಹೆಂಗಸು "ನಿಲ್ಲಿಸಿ, ನಿಲ್ಲಿಸಿ" ಅಂದರು. ಮುಚ್ಚಿಹೋದ ಸಾಲು ಅವರಿಗೆ ಬರುತ್ತಿತ್ತು. ಹಾಡಿಯೂ ಬಿಟ್ಟರು. ಉಳಿದವರು ಕೈ ತಟ್ಟಿದರು.

ಬಾಗಿಲ ಹೊರಗೆ ನಿಂತಿದ್ದ ಹುಡುಗ ತಂಗಿಯ ಕೈಗೆ ತನ್ನ ಫೋನ್ ಕೊಟ್ಟು, "ಅವರನ್ನು ಕೇಳಿ, ಒಪ್ಪಿದ್ರೆ ಮಾತ್ರ ರೆಕಾರ್ಡ್ ಒತ್ತು" ಎಂದ. ಆಮೇಲೆ ಗಾಡಿಯ ಹತ್ತಿರ ಹೋಗಿ ನೋಟ್‌ಬುಕ್ ತೆಗೆದು ಬಿ-031 ಎಂದು ಬರೆದ. ಹಾಡಿದವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದ. ಬೆಳಗ್ಗೆ ಅವರನ್ನೇ ಕೇಳಿ ಬರೆಯುತ್ತಾನಂತೆ.